ಕೆಂಜಾರಿನ ಕಮರಿಗೆ ಮೊದಲಿನ 865 ಮೀಟರ್

ನ್ಯೂಟನ್ನನ ಮೂರು ಚಲನೆಯ ನಿಯಮಗಳ ಪಾಠಕ್ಕೆ ಪಠ್ಯಪುಸ್ತಕಗಳು ಕೊಡುವ ಉದಾಹರಣೆಗಳು ತಲೆಮಾರುಗಳಿಂದ ಬದಲಾಗಿಲ್ಲ. ಬಸ್ ಗಕ್ಕನೆ ನಿಂತಾಗ ಮುಂದಕ್ಕೆ ಮುಗ್ಗರಿಸುವ ಪ್ರಯಾಣಿಕ, ದಡಕ್ಕೆ ಹಾರಿದವನ ಕಾಲಡಿಯಿಂದ ಹಿಂದೆ ಸರಿಯುವ ದೋಣಿ, ಗುಂಡು ಹಾರಿದಾಗ ಭುಜಕ್ಕೆ ಗುದ್ದುವ ಬಂದೂಕು. ವಿದ್ಯಾರ್ಥಿಗಳು ಮೂರನ್ನೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಅಂಕವನ್ನೂ ತೆಗೆಯುತ್ತಾರೆ. ನಿಜವಾಗಿ ನಡೆದ ಒಂದು ಸಂಗತಿಯನ್ನು ಮುಂದಿಟ್ಟು ಇಲ್ಲಿ ಯಾವ ಬಲ ಯಾವುದರ ಮೇಲೆ ಬಿತ್ತು ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ.

ನಾನು ಕರಾವಳಿಯಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ತರಗತಿಯ ಕಿಟಕಿಯಿಂದ, ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ಇಳಿಯುವ ವಿಮಾನಗಳು ಕಾಣುತ್ತವೆ. 2010ರ ಮೇ 22ರ ವಿಮಾನ ದುರಂತದ ಹೆಸರು ಎತ್ತದೆ ಈ ಪಾಠ ಮುಗಿಸುವುದು ನನಗೆ ಆಗಿಬರುವುದಿಲ್ಲ. ಸತ್ತವರ ಮನೆಗಳು ಈಗಲೂ ಸುತ್ತಮುತ್ತ ಇರುವುದರಿಂದ ಕರಿಹಲಗೆಯ ಮೇಲೆ ಆ ದಿನವನ್ನು ಬರೆಯುವಾಗ ಕೈ ತಾನಾಗಿಯೇ ನಿಧಾನವಾಗುತ್ತದೆ. ಆದರೂ ಬರೆಯುತ್ತೇನೆ. ಆ ಬೆಳಗಿನ ಕೊನೆಯ ಅರ್ಧ ನಿಮಿಷದಲ್ಲಿ ಮೂರೂ ನಿಯಮಗಳು ಬೇರೆಬೇರೆಯಾಗಿ, ಎದ್ದು ಕಾಣುವಂತೆ ಕೆಲಸ ಮಾಡಿವೆ.

ನಡೆದದ್ದು ಇಷ್ಟು. ದುಬೈನಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ವಿಮಾನ ಬೆಳಗಿನ ಆರು ಗಂಟೆ ದಾಟಿ ಕೆಲವೇ ನಿಮಿಷಗಳಲ್ಲಿ ಮಂಗಳೂರಿನ ರನ್‌ವೇ ಮುಟ್ಟಿತು. ಒಳಗೆ 160 ಪ್ರಯಾಣಿಕರು, ಆರು ಮಂದಿ ಸಿಬ್ಬಂದಿ. ರನ್‌ವೇಯ ಉದ್ದ 2450 ಮೀಟರ್. ವಿಮಾನ ಅದರೊಳಗೆ ನಿಲ್ಲಲಿಲ್ಲ. ರನ್‌ವೇ ಮುಗಿದ ಮೇಲಿನ ಸುರಕ್ಷತಾ ಪಟ್ಟಿಯನ್ನೂ ದಾಟಿ ಹೋಯಿತು. ಅದರಾಚೆ ಇದ್ದ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಲ ರೆಕ್ಕೆ ಬಡಿಯಿತು, ಬೇಲಿ ಮುರಿಯಿತು, ವಿಮಾನ ಕೆಂಜಾರಿನ ಕಡೆಯ ಕಮರಿಗೆ ಉರುಳಿ ಹೊತ್ತಿಕೊಂಡಿತು. 158 ಮಂದಿ ತೀರಿಕೊಂಡರು, ಎಂಟು ಮಂದಿ ಉಳಿದರು.

ಮರುದಿನದಿಂದ ಊರಲ್ಲೆಲ್ಲ ಒಂದೇ ಮಾತು: ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ, ಅದಕ್ಕೇ ಹೀಗಾಯಿತು. ಮಾತಿನಲ್ಲಿ ಅರ್ಧ ಸತ್ಯ ಇದೆ. ಗುಡ್ಡದ ಮೇಲಿನ ರನ್‌ವೇಯಲ್ಲಿ ತಪ್ಪಿದರೆ ಕ್ಷಮೆ ಇಲ್ಲ. ಬಯಲಿನ ನಿಲ್ದಾಣದಲ್ಲಾದರೆ ಗದ್ದೆಗೆ ಇಳಿದು ಕೆಸರಿನಲ್ಲಿ ಹೂತು ನಿಲ್ಲುತ್ತಿತ್ತೋ ಏನೋ. ಬಜ್ಪೆಯಲ್ಲೇ, ಇನ್ನೂ ಗಿಡ್ಡದಾದ ಹಳೆಯ ರನ್‌ವೇಯಲ್ಲಿ, 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಅಂಚು ದಾಟಿ ಹೋಗಿತ್ತು. ಅಂಚಿನಾಚೆಯೇ ನಿಂತದ್ದರಿಂದ ಯಾರೂ ಸಾಯಲಿಲ್ಲ. ಆದರೆ 2450 ಮೀಟರ್ ಎಂಬುದು 737ಕ್ಕೆ ಕಡಿಮೆ ಉದ್ದವಲ್ಲ. 2006ರಿಂದ ಆ ರನ್‌ವೇಯಲ್ಲಿ ಅದೇ ಜಾತಿಯ ವಿಮಾನಗಳು ದಿನವೂ ಇಳಿದು ನಿಲ್ಲುತ್ತಿದ್ದವು. ಹಾಗಾದರೆ ಆ ದಿನ ಉದ್ದ ಎಲ್ಲಿ ಹೋಯಿತು? ಲೆಕ್ಕ ಅಲ್ಲಿಂದ ಶುರು.

ಎತ್ತರ ನುಂಗಿದ ನೆಲ

ತನಿಖಾ ನ್ಯಾಯಾಲಯದ ವರದಿಯಲ್ಲಿ ಎರಡು ಸಂಖ್ಯೆಗಳಿವೆ. ರನ್‌ವೇಯ ಹೊಸ್ತಿಲ ಮೇಲೆ, ಅಂದರೆ ಅದು ಶುರುವಾಗುವ ಅಂಚಿನ ಮೇಲೆ, ವಿಮಾನ 50 ಅಡಿ ಎತ್ತರದಲ್ಲಿ, 144 ನಾಟ್ ವೇಗದಲ್ಲಿ ಇರಬೇಕಿತ್ತು (ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್). ಇದ್ದದ್ದು ಸುಮಾರು 200 ಅಡಿಯಲ್ಲಿ, 160 ನಾಟ್‌ಗೂ ಮೀರಿದ ವೇಗದಲ್ಲಿ.

150 ಅಡಿ ಹೆಚ್ಚು ಎಂದರೆ ಏನು ಮಹಾ, ಮೂರು ತೆಂಗಿನಮರದ ಎತ್ತರ ಎಂದು ಮೊದಲ ಬೆಂಚಿನ ಹುಡುಗನೊಬ್ಬ ಹೇಳಿದ್ದ. ವಿಮಾನಗಳು ಇಳಿಯುವ ಹಾದಿ ನೆಲಕ್ಕೆ ಮೂರು ಡಿಗ್ರಿ ಕೋನದಲ್ಲಿರುತ್ತದೆ. ಆ ಇಳಿಜಾರಿನಲ್ಲಿ ಒಂದು ಮೀಟರ್ ಕೆಳಗೆ ಬರಲು ಸುಮಾರು 19 ಮೀಟರ್ ಮುಂದೆ ಹೋಗಬೇಕು. 150 ಅಡಿ ಎಂದರೆ 46 ಮೀಟರ್. ಅದನ್ನು ಇಳಿಸಿಕೊಳ್ಳಲು 870 ಮೀಟರ್ ಬೇಕು. ಮಾಮೂಲಿ ಇಳಿತದಲ್ಲಿ ಚಕ್ರ ಮುಟ್ಟುವುದು ಹೊಸ್ತಿಲಿನಿಂದ 300 ಮೀಟರ್ ಆಸುಪಾಸಿನಲ್ಲಿ. ಅದಕ್ಕೆ ಇದನ್ನು ಕೂಡಿಸಿದರೆ 1170. ವಿಮಾನ ನಿಜಕ್ಕೂ ನೆಲ ಕಚ್ಚಿದ್ದು 5200 ಅಡಿ, ಅಂದರೆ 1585 ಮೀಟರ್ ದಾಟಿದ ಮೇಲೆ. ನಡುವಿನ 415 ಮೀಟರ್‌ಗೆ ಕಾರಣ ಹೆಚ್ಚುವರಿ ವೇಗ. ರೆಕ್ಕೆ ಕೊಡುವ ಎತ್ತುಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ 144ರಿಂದ 160ಕ್ಕೆ ಏರಿದರೆ, ಅದೇ ಭಂಗಿಯಲ್ಲಿ ಎತ್ತುಬಲ ಶೇ 23ರಷ್ಟು ಹೆಚ್ಚುತ್ತದೆ. ಅಂಥ ವಿಮಾನ ನೆಲದ ಮೇಲೆ ಕೂರಲು ಒಪ್ಪದೆ ತೇಲುತ್ತದೆ. ಆ ವೇಗದಲ್ಲಿ ಐದು ಸೆಕೆಂಡು ತೇಲಿದರೆ ಸಾಕು, 415 ಮೀಟರ್ ಆಯಿತು.

ಇಷ್ಟು ಎತ್ತರದಲ್ಲಿ ಯಾಕಿತ್ತು ಎಂಬುದಕ್ಕೆ ವರದಿಯಲ್ಲಿ ಉತ್ತರ ಇದೆ. ಮಂಗಳೂರಿನ ರೇಡಾರ್ ಆಗ ಕೆಟ್ಟಿತ್ತು. ಹಾಗಾಗಿ ಕೆಳಗಿಳಿಯುವ ಅನುಮತಿ ಎಂದಿಗಿಂತ ಹತ್ತಿರ ಬಂದ ಮೇಲೆ ಸಿಕ್ಕಿತು. ಅಲ್ಲಿಂದ ಮುಂದೆ ಎತ್ತರವನ್ನು ಸರಿಯಾಗಿ ಇಳಿಸಿಕೊಳ್ಳಲಿಲ್ಲ. ಕೊನೆಗೆ ಅದನ್ನು ಕರಗಿಸಲು ನಿಮಿಷಕ್ಕೆ ಸುಮಾರು 4000 ಅಡಿಯಂತೆ ಮೂಗು ತಗ್ಗಿಸಿದರು. ಅದು ಮಾಮೂಲಿ ಇಳಿತದ ಐದು ಪಟ್ಟು. ಹಾಗೆ ದುಮುಕಿದಾಗ ಎತ್ತರ ಕಡಿಮೆಯಾಗುತ್ತದೆ ನಿಜ, ಆದರೆ ಎತ್ತರದಲ್ಲಿದ್ದ ಶಕ್ತಿ ಎಲ್ಲಿಗೂ ಹೋಗುವುದಿಲ್ಲ, ವೇಗದ ರೂಪದಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. ಒಂದು ಸಾಲ ತೀರಿಸಲು ಇನ್ನೊಂದು ಕಡೆ ಸಾಲ ಮಾಡಿದ ಹಾಗೆ. ಸಹ ಪೈಲಟ್ ಮೂರು ಬಾರಿ ಗೋ ಅರೌಂಡ್ ಎಂದರು, ಅಂದರೆ ಇಳಿಯುವುದನ್ನು ಬಿಟ್ಟು ಮೇಲೇರಿ ಮತ್ತೆ ಬರೋಣ ಎಂದು. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಕಮಾಂಡರ್ ಇಳಿಯುವುದನ್ನೇ ಮುಂದುವರಿಸಿದರು. ಇದನ್ನೇ ವರದಿ ಅಪಘಾತದ ನೇರ ಕಾರಣ ಎಂದಿದೆ.

ಇಲ್ಲಿ ಒಂದು ಪದದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕಾಕ್‌ಪಿಟ್‌ನ ಧ್ವನಿ ದಾಖಲೆಯಲ್ಲಿ ಉಳಿದ ಎರಡು ಗಂಟೆ ಐದು ನಿಮಿಷಗಳ ಪೈಕಿ ಮೊದಲ ಒಂದು ಗಂಟೆ 40 ನಿಮಿಷ ಕಮಾಂಡರ್ ನಿದ್ದೆಯಲ್ಲಿದ್ದರು. ಎದ್ದ ಮೇಲೂ ತೀರ್ಮಾನ ಮಂಕಾಗಿರುವ ಆ ಸ್ಥಿತಿಗೆ ವೈದ್ಯರು ಇಟ್ಟ ಹೆಸರು ನಿದ್ರಾ ಜಡತ್ವ. ಅದೂ ಒಂದು ಕಾರಣವಾಗಿರಬಹುದು ಎಂದು ವರದಿ ಹೇಳುತ್ತದೆ. ನಾವು ಜಡತ್ವ ಎಂದ ಕೂಡಲೇ ಮಕ್ಕಳು ಅದನ್ನು ಸೋಮಾರಿತನ ಎಂದು ತಿಳಿಯುತ್ತಾರೆ. ಕನ್ನಡದಲ್ಲಿ ಜಡ ಎಂದರೆ ಅದೇ ಅರ್ಥ ತಾನೇ. ಭೌತಶಾಸ್ತ್ರದ ಜಡತ್ವ ನಿಂತದ್ದಕ್ಕೂ ಓಡುತ್ತಿರುವುದಕ್ಕೂ ಒಂದೇ: ಇದ್ದ ಸ್ಥಿತಿಯನ್ನು ಬಿಡಲು ಒಲ್ಲೆನೆನ್ನುವ ಗುಣ. ಇಳಿಯಲು ಹೊರಟ ಮನಸ್ಸು ಇಳಿಯುವುದನ್ನೇ ಮುಂದುವರಿಸುವುದು ಈ ಎರಡನೆಯ ಅರ್ಥಕ್ಕೇ ಹತ್ತಿರ.

ಉಳಿದ 865 ಮೀಟರ್

ಚಕ್ರ ನೆಲ ಮುಟ್ಟಿದಾಗ ಮುಂದೆ ಉಳಿದಿದ್ದ ರನ್‌ವೇ 865 ಮೀಟರ್. ಇಲ್ಲಿಗೆ ಕಥೆ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ವರದಿ ಓದುವ ತನಕ ಹಾಗೆಯೇ ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ನೆಲ ಮುಟ್ಟಿದ ಮೇಲೆ ರಿವರ್ಸ್ ಥ್ರಸ್ಟ್, ಅಂದರೆ ಎಂಜಿನಿನ ಹಿಮ್ಮುಖ ನೂಕುಬಲದ ಜೊತೆಗೆ ಬ್ರೇಕನ್ನು ಪೂರ್ತಿ ಒತ್ತಿ ಹಿಡಿದಿದ್ದರೆ ವಿಮಾನ ಹೊಸ್ತಿಲಿನಿಂದ 7600 ಅಡಿಯ ಹೊತ್ತಿಗೆ, ಅಂದರೆ ರನ್‌ವೇಯ ಒಳಗೇ ನಿಲ್ಲುತ್ತಿತ್ತು ಎಂದು ತನಿಖೆಯಲ್ಲಿ ಕಂಡುಬಂತು. 7600ರಲ್ಲಿ 5200 ಕಳೆದರೆ 2400 ಅಡಿ, 730 ಮೀಟರ್. ಉಳಿಯುತ್ತಿದ್ದ ನೆಲ 135 ಮೀಟರ್. ವಿಮಾನದ ಉದ್ದ 39.5 ಮೀಟರ್. ಅಂಥವು ಮೂರನ್ನು ಸಾಲಾಗಿ ನಿಲ್ಲಿಸುವಷ್ಟು ಜಾಗ.

ಈ 730 ಮೀಟರನ್ನು ತರಗತಿಯಲ್ಲಿ ಎರಡನೆಯ ನಿಯಮಕ್ಕೆ ತಿರುಗಿಸುತ್ತೇವೆ: ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದರೆ ಬಲ. ವಿಮಾನದ ತೂಕ 60 ಟನ್, ನೆಲ ಮುಟ್ಟಿದ ವೇಗ 144 ನಾಟ್ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳುತ್ತೇವೆ, ಅಂದರೆ ಸೆಕೆಂಡಿಗೆ 74 ಮೀಟರ್. ವೇಗದ ವರ್ಗವನ್ನು ದೂರದ ಎರಡು ಪಟ್ಟಿನಿಂದ ಭಾಗಿಸಿದರೆ ಬೇಕಾದ ಋಣ ವೇಗೋತ್ಕರ್ಷ ಸಿಗುತ್ತದೆ: ಪ್ರತಿ ಸೆಕೆಂಡಿನಲ್ಲೂ ವೇಗ ಸೆಕೆಂಡಿಗೆ 3.75 ಮೀಟರ್‌ನಷ್ಟು ಇಳಿಯಬೇಕು. ಅದನ್ನು ದ್ರವ್ಯರಾಶಿಯಿಂದ ಗುಣಿಸಿದರೆ 2.25 ಲಕ್ಷ ನ್ಯೂಟನ್. ನಿಲ್ಲಲು ಹಿಡಿಯುವ ಸಮಯ 20 ಸೆಕೆಂಡು. ಸಾಮಾನ್ಯ ಇಳಿತದಲ್ಲಿ ಪ್ರಯಾಣಿಕರಿಗೆ ಕಿರಿಕಿರಿಯಾಗದಂತೆ ಹದವಾಗಿ ಹಾಕುವ ಬ್ರೇಕಿನಲ್ಲಿ ಈ ಇಳಿಕೆ ಸೆಕೆಂಡಿಗೆ 1.5 ಮೀಟರ್ ಸುಮಾರಿನದು. ಆ ಲೆಕ್ಕದಲ್ಲಿ ನಿಲ್ಲಲು 1800 ಮೀಟರ್ ಬೇಕು. ಅಂದರೆ ಹದವಾದ ಬ್ರೇಕಿಗೆ ಅಲ್ಲಿ ಜಾಗವೇ ಇರಲಿಲ್ಲ. ಪೂರ್ತಿ ಬ್ರೇಕಿಗೆ ಇತ್ತು.

2.25 ಲಕ್ಷ ನ್ಯೂಟನ್ ಬಲ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ತರಗತಿಯೆಲ್ಲ ಒಕ್ಕೊರಲಿನಿಂದ ಬ್ರೇಕಿನಿಂದ ಎನ್ನುತ್ತದೆ. ನನಗೆ ಈ ಉತ್ತರ ಸಿಕ್ಕರೆ ಒಳಗೊಳಗೇ ಖುಷಿ. ಬ್ರೇಕು ಚಕ್ರವನ್ನು ಹಿಡಿಯುತ್ತದೆ, ಅಷ್ಟೇ. ಚಕ್ರವೂ ಬ್ರೇಕೂ ಎರಡೂ ವಿಮಾನದವೇ. ತನ್ನ ಜುಟ್ಟು ತಾನೇ ಎಳೆದುಕೊಂಡು ಯಾರೂ ಬಾವಿಯಿಂದ ಮೇಲೆ ಬರಲಾರರು. ವಿಮಾನವನ್ನು ನಿಲ್ಲಿಸಬೇಕಾದ ಬಲ ಹೊರಗಿನಿಂದ ಬರಬೇಕು. ಟೈರು ರನ್‌ವೇಯನ್ನು ಮುಂದಕ್ಕೆ ನೂಕುತ್ತದೆ, ರನ್‌ವೇ ಟೈರನ್ನು ಹಿಂದಕ್ಕೆ ನೂಕುತ್ತದೆ. ನಿಲ್ಲಿಸುವುದು ಈ ಎರಡನೆಯದು.

ಆ ಘರ್ಷಣೆ ಎಷ್ಟು ಸಿಗುತ್ತದೆ ಎಂಬುದು ಟೈರು ನೆಲವನ್ನು ಎಷ್ಟು ಒತ್ತುತ್ತಿದೆ ಎಂಬುದರ ಮೇಲೆ ನಿಂತಿದೆ. ನೆಲ ಮುಟ್ಟಿದ ಕ್ಷಣದಲ್ಲಿ ವಿಮಾನದ ಭಾರವನ್ನು ಇನ್ನೂ ರೆಕ್ಕೆಗಳೇ ಹೊತ್ತಿರುತ್ತವೆ, ಚಕ್ರದ ಮೇಲೆ ಬಿದ್ದಿರುವುದು ಅಲ್ಪ. ಆಗ ಬ್ರೇಕ್ ಎಷ್ಟು ಬಿಗಿದರೂ ಚಕ್ರ ಜಾರುತ್ತದೆಯೇ ಹೊರತು ಹಿಡಿತ ಸಿಗುವುದಿಲ್ಲ. ಕಿಟಕಿಯ ಪಕ್ಕ ಕೂತವರು ನೋಡಿರುತ್ತಾರೆ, ಚಕ್ರ ತಾಗಿದ ಕೂಡಲೇ ರೆಕ್ಕೆಯ ಮೇಲಿನ ಹಲಗೆಗಳು ಪಟಪಟನೆ ಎದ್ದು ನಿಲ್ಲುತ್ತವೆ. ಅವು ಸ್ಪಾಯ್ಲರ್‌ಗಳು. ಗಾಳಿಗೆ ಅಡ್ಡ ನಿಲ್ಲುವುದು ಅವುಗಳ ಸಣ್ಣ ಕೆಲಸ. ದೊಡ್ಡ ಕೆಲಸ ರೆಕ್ಕೆಯ ಎತ್ತುಬಲವನ್ನು ಕೆಡಿಸಿ ಭಾರವನ್ನೆಲ್ಲ ಚಕ್ರಗಳ ಮೇಲೆ ಇಳಿಸುವುದು. ಬ್ರೇಕಿಗೆ ಜೀವ ಬರುವುದು ಆಮೇಲೆ.

ರಿವರ್ಸ್ ಥ್ರಸ್ಟ್ ಬಗ್ಗೆಯೂ ತಪ್ಪು ಕಲ್ಪನೆ ಇದೆ. ಎಂಜಿನ್ ಹಿಂದುಮುಂದಾಗಿ ತಿರುಗುವುದಿಲ್ಲ. ಹೊರಕವಚ ಹಿಂದಕ್ಕೆ ಜರುಗುತ್ತದೆ, ಒಳಗಿನ ತಡೆಬಾಗಿಲುಗಳು ಮುಚ್ಚಿಕೊಳ್ಳುತ್ತವೆ, ಹಿಂದಕ್ಕೆ ಹೋಗಬೇಕಿದ್ದ ಫ್ಯಾನಿನ ಗಾಳಿ ಪಕ್ಕದಿಂದ ಓರೆಯಾಗಿ ಮುಂದಕ್ಕೆ ನುಗ್ಗುತ್ತದೆ. ಎಂಜಿನ್ ಗಾಳಿಯನ್ನು ಮುಂದಕ್ಕೆ ತಳ್ಳಿದರೆ ಗಾಳಿ ಎಂಜಿನನ್ನು ಹಿಂದಕ್ಕೆ ತಳ್ಳುತ್ತದೆ. ದೋಣಿಯ ಉದಾಹರಣೆಯೇ, ದೋಣಿಯ ಬದಲು ಎಂಜಿನ್, ಹಾರಿದವನ ಬದಲು ಗಾಳಿ.

ಆರು ಸೆಕೆಂಡು

ಕಮಾಂಡರ್ ರಿವರ್ಸ್ ಥ್ರಸ್ಟ್ ಹಾಕಿದರು, ಬ್ರೇಕೂ ಹಿಡಿಯಿತು. ಬ್ರೇಕ್ ಹಿಡಿದು ಆರು ಸೆಕೆಂಡಿನೊಳಗೆ ಮನಸ್ಸು ಬದಲಾಯಿತು. ನಿಲ್ಲುವುದನ್ನು ಬಿಟ್ಟು ಮತ್ತೆ ಹಾರಲು ಹೊರಟರು. ರಿವರ್ಸ್ ಹಾಕಿದ ಮೇಲೆ ಮತ್ತೆ ಏರುವ ಪ್ರಯತ್ನ ಮಾಡಲೇಬಾರದು ಎಂಬುದು ಬೋಯಿಂಗ್‌ನ ಕಟ್ಟಪ್ಪಣೆ. ಅದಕ್ಕೆ ಕಾರಣ ಏನೆಂದು ತರಗತಿಗೆ ಕೇಳಿದರೆ ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಒಮ್ಮೆ ಕೇಳಿದ ಪ್ರಶ್ನೆ ಮಾತ್ರ ಇದಕ್ಕೆ ಬಾಗಿಲು ತೆರೆಯಿತು. “ಸರ್, ಎಂಜಿನ್ ಪೂರ್ತಿ ಕೊಟ್ಟರೆ ಎಷ್ಟು ಬಲ ಬರುತ್ತದೆ?”

ಎರಡೂ ಎಂಜಿನ್ ಸೇರಿ ಸುಮಾರು 2.3 ಲಕ್ಷ ನ್ಯೂಟನ್. ಕರಿಹಲಗೆಯ ಮೇಲೆ ಆಗಲೇ 2.25 ಲಕ್ಷ ಬರೆದಿತ್ತು. ಪಕ್ಕದಲ್ಲಿ 2.3 ಬರೆದೆ, ಒಂದಕ್ಕೆ ಬಾಣದ ಗುರುತು ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ತಕ್ಷಣ ಮುಂದಿನ ಬೆಂಚು: “ಸಮ ಮತ್ತು ವಿರುದ್ಧ ಸರ್, ಮೂರನೆಯ ನಿಯಮ!” ನನ್ನ ಹದಿನೈದು ವರ್ಷದ ಪಾಠದಲ್ಲಿ ಅತಿ ಹೆಚ್ಚು ಕೇಳಿದ ತಪ್ಪು ಇದೇ. ಮೂರನೆಯ ನಿಯಮದ ಜೋಡಿ ಬಲಗಳು ಯಾವತ್ತೂ ಒಂದೇ ವಸ್ತುವಿನ ಮೇಲೆ ಬೀಳುವುದಿಲ್ಲ. ಒಂದು ಟೈರಿನ ಮೇಲಾದರೆ ಅದರ ಜೋಡಿ ರನ್‌ವೇಯ ಮೇಲೆ. ಒಂದು ಎಂಜಿನಿನ ಮೇಲಾದರೆ ಅದರ ಜೋಡಿ ಗಾಳಿಯ ಮೇಲೆ. ಇಲ್ಲಿ ಬರೆದ ಎರಡೂ ಬಲಗಳು ಬೀಳುವುದು ವಿಮಾನದ ಮೇಲೆಯೇ, ಅದೂ ಬೇರೆಬೇರೆ ಹೊತ್ತಿನಲ್ಲಿ. ಅಳತೆ ಹತ್ತಿರ ಹತ್ತಿರ ಬಂದದ್ದು ಕಾಕತಾಳೀಯ. ತಪ್ಪು ಮಕ್ಕಳದ್ದು ಎಂದು ನಾನು ಹೇಳುವುದಿಲ್ಲ. ಪ್ರತಿಕ್ರಿಯೆ ಎಂಬ ಪದವೇ ದಾರಿ ತಪ್ಪಿಸುತ್ತದೆ. ನಮ್ಮ ಮಾತಿನಲ್ಲಿ ಪ್ರತಿಕ್ರಿಯೆ ಎಂದರೆ ಒಬ್ಬ ಹೇಳಿದ ಮೇಲೆ ಇನ್ನೊಬ್ಬ ಕೊಡುವ ಉತ್ತರ. ನ್ಯೂಟನ್ನನ ಜೋಡಿಯಲ್ಲಿ ಮೊದಲು ಆಮೇಲೆ ಎಂಬುದೇ ಇಲ್ಲ.

ಈಗ ಆ ಕಟ್ಟಪ್ಪಣೆಗೆ ಬರೋಣ. ಎಂಜಿನಿನ ಬಲ ಏರಿಸುವ ಲಿವರ್ ಮುಂದಕ್ಕೆ ತಳ್ಳಿದ ಗಳಿಗೆಗೆ ಏನೇನಾಗುತ್ತದೆ? ಎದ್ದಿದ್ದ ಸ್ಪಾಯ್ಲರ್‌ಗಳು ಮಲಗುತ್ತವೆ, ರೆಕ್ಕೆ ಮತ್ತೆ ಭಾರ ಹೊರತೊಡಗುತ್ತದೆ, ಚಕ್ರದ ಮೇಲಿನ ಒತ್ತು ಇಳಿದು ಘರ್ಷಣೆ ಕರಗುತ್ತದೆ. ಅತ್ತ ರಿವರ್ಸ್‌ನ ಹೊರಕವಚ ಮೊದಲಿನ ಜಾಗಕ್ಕೆ ಮರಳುವ ತನಕ ಎಂಜಿನ್ ಮುಂದಕ್ಕೆ ನೂಕಲಾರದು. ಮರಳಿದ ಮೇಲೂ ಜೆಟ್ ಎಂಜಿನ್ ಮೋಟಾರ್ ಸೈಕಲ್ಲಿನಂತೆ ತಿರುವಿದ ಕೂಡಲೇ ಗುರ್ ಎನ್ನುವುದಿಲ್ಲ. ತಗ್ಗಿದ ಸುತ್ತಿನಿಂದ ಪೂರ್ತಿ ಬಲಕ್ಕೆ ಏರಲು ಅದಕ್ಕೆ ಸೆಕೆಂಡುಗಳು ಬೇಕು. ವಿಮಾನಗಳಿಗೆ ಅರ್ಹತಾಪತ್ರ ಕೊಡುವ ನಿಯಮಗಳೇ ಇದಕ್ಕೆ ಎಂಟು ಸೆಕೆಂಡಿನ ಅವಕಾಶ ಇಟ್ಟಿವೆ.

ಅಂದರೆ ಹಿಂದಕ್ಕೆ ಎಳೆಯಬಹುದಾಗಿದ್ದ 2.25 ಲಕ್ಷ ಹೋಯಿತು. ಮುಂದಕ್ಕೆ ನೂಕಬೇಕಾದ 2.3 ಲಕ್ಷ ಇನ್ನೂ ಬಂದಿಲ್ಲ. ನಡುವಿನ ಸೆಕೆಂಡುಗಳಲ್ಲಿ ವಿಮಾನದ ಮೇಲೆ ಹೇಳಿಕೊಳ್ಳುವಂಥ ಬಲವೇ ಇಲ್ಲ. ಅಸಂತುಲಿತ ಬಲ ಇಲ್ಲದಿದ್ದರೆ ಚಲಿಸುತ್ತಿರುವ ಕಾಯ ಏನು ಮಾಡುತ್ತದೆ ಎಂಬುದನ್ನು ಒಂಬತ್ತನೆಯ ತರಗತಿಯ ಮಕ್ಕಳೂ ಹೇಳುತ್ತಾರೆ: ಅದೇ ವೇಗದಲ್ಲಿ ನೇರಕ್ಕೆ ಓಡುತ್ತಲೇ ಇರುತ್ತದೆ. ಮೊದಲ ನಿಯಮವನ್ನು ನಾವು ಘರ್ಷಣೆಯೇ ಇಲ್ಲದ ಯಾವುದೋ ಕಲ್ಪನೆಯ ಲೋಕಕ್ಕೆ ಸೇರಿದ್ದು ಎಂಬಂತೆ ಕಲಿಸುತ್ತೇವೆ. ಬಜ್ಪೆಯ ರನ್‌ವೇಯಲ್ಲಿ, ಮಳೆಯಿಲ್ಲದ, ಗಾಳಿ ಅಲುಗದ ಒಂದು ಬೆಳಿಗ್ಗೆ, 60 ಟನ್ನಿನ ಯಂತ್ರವೊಂದು ಕೆಲವು ಸೆಕೆಂಡು ಹೆಚ್ಚುಕಡಿಮೆ ಅದಕ್ಕೆ ಒಪ್ಪುವಂತೆ ಓಡಿತು.

ಅಂದಾಜಿನ ಲೆಕ್ಕ ಹೀಗಿದೆ. ನೆಲ ಮುಟ್ಟಿ ಬ್ರೇಕ್ ಹಿಡಿಯುವುದಕ್ಕೆ ಎರಡು ಸೆಕೆಂಡು ಹೋಯಿತು ಎಂದಿಟ್ಟುಕೊಂಡರೆ ಸುಮಾರು 150 ಮೀಟರ್. ಮುಂದಿನ ಆರು ಸೆಕೆಂಡಿನಲ್ಲಿ ಪ್ರತಿ ಸೆಕೆಂಡಿಗೂ ಎರಡೆರಡು ಮೀಟರ್ ವೇಗ ಇಳಿದಿದ್ದರೆ 74 ಇದ್ದದ್ದು 62ಕ್ಕೆ ಬರುತ್ತದೆ, 400 ಮೀಟರ್ ಕಳೆದಿರುತ್ತದೆ. ಉಳಿದದ್ದು 300 ಚಿಲ್ಲರೆ ಮೀಟರ್. ಸೆಕೆಂಡಿಗೆ 62 ಮೀಟರ್ ಓಟದಲ್ಲಿ ಅದು ಐದೇ ಸೆಕೆಂಡಿನ ದಾರಿ. ಎಂಜಿನ್ ಎಚ್ಚೆತ್ತುಕೊಳ್ಳುವುದಕ್ಕೇ ಆ ಐದು ಸಾಲದು. ಎಚ್ಚೆತ್ತ ಮೇಲೆ ಹಾರುವ ವೇಗಕ್ಕೆ ಏರಲು ಇನ್ನೂ ನಾಲ್ಕೈದು ಸೆಕೆಂಡು ಬೇಕಿತ್ತು. ಸಂಖ್ಯೆಗಳನ್ನು ಅತ್ತಿತ್ತ ಮಾಡಿ ನೋಡಿ ಎಂದು ಮಕ್ಕಳಿಗೆ ಬಿಡುತ್ತೇನೆ. ಬ್ರೇಕ್ ಇನ್ನಷ್ಟು ಬಲವಾಗಿತ್ತು ಎನ್ನಿ, ಎಂಜಿನ್ ಇನ್ನಷ್ಟು ಚುರುಕಾಗಿತ್ತು ಎನ್ನಿ, ಹಾರುವ ದಾರಿ ತೆರೆಯುವುದೇ ಇಲ್ಲ.

ಆದ್ದರಿಂದ ಈ ಪ್ರಕರಣವನ್ನು ತಡವಾಗಿ ಇಳಿದದ್ದರಿಂದ ಆದ ಅಪಘಾತ ಎಂದು ಮಾತ್ರ ಓದುವುದು ನನಗೆ ಸಾಕೆನಿಸುವುದಿಲ್ಲ. ತಡವಾಗಿ ಇಳಿದದ್ದು ಮೊದಲ ತಪ್ಪು, ಎಲ್ಲದಕ್ಕೂ ಮೂಲ. ಆದರೆ ಆ ತಪ್ಪಿನ ನಂತರವೂ ಲೆಕ್ಕ ವಿಮಾನದ ಪರವಾಗಿಯೇ ಇತ್ತು, ಒಂದೇ ದಿಕ್ಕಿಗೆ ಬಲ ಹಾಕುತ್ತಾ ಇದ್ದಿದ್ದರೆ. ಗೋ ಅರೌಂಡ್ ಎಂಬ ಮಾತು ಸಹ ಪೈಲಟ್ ಹೇಳಿದಾಗ ಸರಿಯಾದ ಉತ್ತರವಾಗಿತ್ತು. ಅದೇ ಉತ್ತರ ಕೆಲವು ಸೆಕೆಂಡುಗಳ ನಂತರ, ಚಕ್ರ ನೆಲದಲ್ಲಿದ್ದು ರಿವರ್ಸ್ ತೆರೆದಿದ್ದಾಗ, ಇದ್ದ ಉತ್ತರಗಳಲ್ಲೆಲ್ಲ ಕೆಟ್ಟದ್ದಾಯಿತು.

ಕುರ್ಚಿಯಲ್ಲಿ ಕೂತು, ಸೀಮೆಸುಣ್ಣ ಹಿಡಿದು ಇದನ್ನು ಹೇಳುವುದು ಸುಲಭ ಎಂಬುದು ನನಗೆ ಗೊತ್ತು. ಎದುರಿಗೆ ರನ್‌ವೇ ಮುಗಿಯುತ್ತಿರುವುದು ಕಣ್ಣಿಗೆ ಕಾಣುವಾಗ, ಅದರಾಚೆ ಆಕಾಶ ಬಿಟ್ಟರೆ ಏನೂ ಇಲ್ಲದಿರುವಾಗ, ಕೈ ಮೇಲೇರುವ ಲಿವರ್‌ಗೆ ಹೋಗುವುದು ಮನುಷ್ಯಸಹಜ. ಬಯಲಿನ ನಿಲ್ದಾಣದಲ್ಲಾಗಿದ್ದರೆ ಕಾಲು ಬ್ರೇಕಿನ ಮೇಲೆಯೇ ಉಳಿಯುತ್ತಿತ್ತೇನೋ. ಗುಡ್ಡದ ಮೇಲಿನ ರನ್‌ವೇಗೆ ಈ ಅಪಘಾತದಲ್ಲಿ ಪಾಲಿದ್ದರೆ ಅದು ಇಲ್ಲಿ ಎಂದು ನನ್ನ ಊಹೆ.

ಪಾಠ ಮುಗಿಸುವಾಗ ಮನೆಗೆಲಸಕ್ಕೆ ಕೋಯಿಕ್ಕೋಡಿನ ಸಂಖ್ಯೆಗಳನ್ನು ಕೊಡುತ್ತೇನೆ. 2020ರ ಆಗಸ್ಟ್ 7ರ ರಾತ್ರಿ, ಅದೇ ಸಂಸ್ಥೆಯ ಇನ್ನೊಂದು 737-800, ಅದೂ ಗುಡ್ಡದ ಮೇಲಿನ ರನ್‌ವೇ. ಉದ್ದ 8858 ಅಡಿ, ನೆಲ ಮುಟ್ಟಿದ್ದು 4438 ಅಡಿ ದಾಟಿದ ಮೇಲೆ. ಉಳಿದ ನೆಲ 1347 ಮೀಟರ್, ಮಂಗಳೂರಿನದಕ್ಕಿಂತ ಒಂದೂವರೆ ಪಟ್ಟು. ಇಷ್ಟಿದ್ದೂ ಯಾಕೆ ನಿಲ್ಲಲಿಲ್ಲ ಎಂಬುದು ಪ್ರಶ್ನೆ. ಮಳೆಯಿತ್ತು, ಟೈರಿಗೂ ನೆಲಕ್ಕೂ ನಡುವೆ ನೀರು. ಹಿಂದಿನಿಂದ ಬೀಸುವ ಗಾಳಿ 14 ನಾಟ್‌ನಷ್ಟಿತ್ತು. ಹಾಗಾಗಿ ನೆಲಕ್ಕೆ ಹೋಲಿಸಿದ ವೇಗ 165 ನಾಟ್ ಆಗಿತ್ತು. ಅದರ ವರ್ಗ ಮಂಗಳೂರಿಗೆ ನಾವು ಹಿಡಿದ 144ರ ವರ್ಗಕ್ಕಿಂತ ಶೇ 31ರಷ್ಟು ಹೆಚ್ಚು. ವಿಮಾನ ರನ್‌ವೇಯ ಅಂಚು ದಾಟಿದಾಗ ವೇಗ 84.5 ನಾಟ್‌ಗೆ ಇಳಿದಿತ್ತು. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಸತ್ತರು.

84.5ನ್ನು 165ರಿಂದ ಭಾಗಿಸಿ ವರ್ಗ ಮಾಡಿದರೆ ಶೇ 26 ಬರುತ್ತದೆ. ಚಲನಶಕ್ತಿಯ ನೂರರಲ್ಲಿ 74 ಭಾಗವನ್ನು ಬ್ರೇಕು, ಗಾಳಿ, ಒದ್ದೆ ನೆಲ ಎಲ್ಲ ಸೇರಿ ಅಷ್ಟರಲ್ಲಿ ಕರಗಿಸಿಯಾಗಿತ್ತು. ವಿಮಾನವನ್ನು ಅಂಚಿನಾಚೆಗೆ ದಾಟಿಸಿದ್ದು ಉಳಿದ 26 ಭಾಗ.